ಹೆಸರಿಲ್ಲದ ಗೋಲು

ಅವರು ತೀರಿಹೋದ ಸುದ್ದಿ ನನಗೆ ತಲುಪುವ ಹೊತ್ತಿಗೆ ಹದಿಮೂರನೆಯ ದಿನದ ಊಟವೂ ಮುಗಿದಿತ್ತು. ಮದುವೆಯಾಗಿ ಊರಿನ ಇನ್ನೊಂದು ತುದಿಯ ಪುರಸವಾಕ್ಕಕ್ಕೆ ಹೋದಮೇಲೆ ನಾನು ಮೈಲಾಪುರಕ್ಕೆ ಬರುವುದು ತಿಂಗಳಿಗೊಮ್ಮೆ, ಕಾಫಿಪುಡಿಗೆ. ಆ ದಿನ ಅಂಗಡಿಯವರು ಪೊಟ್ಟಣಕ್ಕೆ ದಾರ ಸುತ್ತುತ್ತಾ, ನನಗೆ ಗೊತ್ತಿದೆಯೆಂದೇ ತಿಳಿದು, "ನಿಮ್ಮ ಟೈಪಿಂಗ್ ಸಾರ್ ಹೋಗಿಬಿಟ್ಟರಲ್ಲಮ್ಮ" ಎಂದರು. ಪೊಟ್ಟಣವನ್ನು ಅಲ್ಲೇ ಬಿಟ್ಟು ಅವರ ಮನೆಗೆ ಹೋದೆ.

ಅವರ ಹೆಂಡತಿಯನ್ನು ನಾವೆಲ್ಲ ಮಾಮಿ ಎನ್ನುತ್ತಿದ್ದೆವು. ಮಾಮಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, "ಕೊನೆಗೆ ಎಂತದೂ ಹೇಳ್ಲಿಲ್ಲ ಮಾರಾಯ್ತಿ. ನಾಲ್ಕು ದಿನ ಸುಮ್ಮನೆ ಮಲಗಿದ್ರು, ಹೋದ್ರು" ಎಂದರು. ಪತ್ರಿಕೆಯಲ್ಲಿ ಬಂತೇ ಎಂದು ಕೇಳಿದೆ. ಇಲ್ಲವಂತೆ. ಒಂದು ಕಾಲಕ್ಕೆ ಈ ಮದರಾಸಿನ ಅರ್ಧ ಊರು ಅವರ ದನಿಯನ್ನು ಗುರುತಿಸುತ್ತಿತ್ತು. ನಾನಾದರೂ ಏನಾದರೂ ಬರೆಯುತ್ತೇನೆ ಎಂದಾಗ ಮಾಮಿ, "ಬರಿ. ಹೆಸರು ಮಾತ್ರ ಹಾಕ್ಬೇಡ. ಅವರಿಗೆ ಸರಿ ಬರ್ಲಿಕ್ಕಿಲ್ಲ" ಎಂದರು. ಆದ್ದರಿಂದ ಇಲ್ಲಿ ಅವರು ಬರೀ ಸಾರ್.

ಕಚೇರಿ ರಸ್ತೆಯ ಒಂದು ಮಹಡಿಯ ಮೇಲೆ ಅವರ ಟೈಪಿಂಗ್ ಮತ್ತು ಶೀಘ್ರಲಿಪಿಯ ಶಾಲೆ ಇತ್ತು. ಎಂಟು ಯಂತ್ರಗಳು, ಅವುಗಳಲ್ಲಿ ಎರಡಕ್ಕೆ ಸದಾ ಕಾಯಿಲೆ. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಅಲ್ಲಿಗೆ ಸೇರಿದಾಗ ಐವತ್ತರ ದಶಕದ ನಡುಭಾಗ. ನನ್ನ ತಂದೆ ತುಮಕೂರು ಕಡೆಯವರು, ಜಾರ್ಜ್‌ಟೌನಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಸಾರ್ ಕುಂದಾಪುರದ ಕಡೆಯವರು. ಮೊದಲ ದಿನ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ, "ಏನೋ ಸ್ವಲ್ಪ ಕಲಿಸ್ಕೊಡಿ ಸಾರ್, ಮನೇಲ್ ಸುಮ್ನೆ ಕೂತೈತೆ" ಎಂದರೆ, ಸಾರ್ ನನ್ನ ಬೆರಳುಗಳನ್ನು ನೋಡಿ, "ಬೆರಳು ಉದ್ದ ಉಂಟು. ಬದುಕಿಕೊಳ್ತಾಳೆ" ಎಂದರು. ಕನ್ನಡದವರು ಎಂಬ ಕಾರಣಕ್ಕೆ ಫೀಜು ಕಡಿಮೆ ಮಾಡಲಿಲ್ಲ. ಆದರೆ ಕನ್ನಡದಲ್ಲೇ ಬೈದರು.

ಬೆಳಿಗ್ಗೆಯ ಬ್ಯಾಚಿನಲ್ಲಿ ಅವರದೊಂದು ವಿಚಿತ್ರ ಪದ್ಧತಿ ಇತ್ತು. ನಮಗೆಲ್ಲ ಟೈಪ್ ಮಾಡಲು ಹೇಳಿ ಕಿಟಕಿಯ ಹತ್ತಿರ ನಿಂತು ಕೆಳಗಿನ ರಸ್ತೆಯನ್ನು ತಮಿಳಿನಲ್ಲಿ ವರ್ಣಿಸುವುದು. "ಬಲಗಡೆಯಿಂದ ಸೈಕಲ್ಲು. ಮೇಲೆ ಹಾಲಿನ ಕ್ಯಾನು ಎರಡು. ಎದುರಿಗೆ ಎಮ್ಮೆ. ಎಮ್ಮೆ ನಿಂತಿತು. ಸೈಕಲ್ಲಿನವನು ಎಡಕ್ಕೆ ಬಾಗಿದ, ತಪ್ಪಿಸಿಕೊಂಡ, ಇಲ್ಲ, ಇಲ್ಲ, ಹಾಲು ಹೋಯಿತು!" ನಾವು ಹುಡುಗಿಯರೆಲ್ಲ ಯಂತ್ರ ಬಿಟ್ಟು ಕಿಟಕಿಗೆ ಓಡುತ್ತಿದ್ದೆವು. ಅದು ಅವರ ಅಭ್ಯಾಸ. ಸಂಜೆ ಸೆಂಟ್ರಲ್ ನಿಲ್ದಾಣದ ಪಕ್ಕದ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯವಿದ್ದರೆ ಸರ್ಕಾರದ ರೇಡಿಯೋ ನಿಲಯದವರು ಎರಡನೆಯ ಅರ್ಧವನ್ನು ಅಲ್ಲಿಂದಲೇ ನೇರವಾಗಿ ರಿಲೇ ಮಾಡುತ್ತಿದ್ದರು, ಮೈಕಿನ ಮುಂದೆ ಕೂರುತ್ತಿದ್ದವರು ನಮ್ಮ ಸಾರ್.

ಅವರ ತಮಿಳಿನಲ್ಲಿ ಕುಂದಾಪುರ ಇಣುಕುತ್ತಿತ್ತು. ಗೋಲಾದಾಗ ಒಮ್ಮೊಮ್ಮೆ "ಅಯ್ಯೋ ಮಾರಾಯಾ" ಎಂದು ಬಾಯಿ ತಪ್ಪಿ ಬರುತ್ತಿತ್ತು. ಅದು ಎಷ್ಟು ಪ್ರಸಿದ್ಧವಾಯಿತೆಂದರೆ ರಿಕ್ಷಾ ಎಳೆಯುವವರೂ ಗೋಲಾದರೆ "ಮಾರಾಯಾ" ಎನ್ನುತ್ತಿದ್ದರು, ಅರ್ಥ ಗೊತ್ತಿಲ್ಲದೆ. ಮಾಮಿ ಮಾತ್ರ, "ಮನೇಲಿ ಕೇಳಿದ್ದಕ್ಕೆ ಉತ್ತರ ಇಲ್ಲ. ಮಾತೆಲ್ಲ ಮೈದಾನದಲ್ಲೇ ಖರ್ಚು ಮಾಡಿ ಬರ್ತಾರೆ" ಎನ್ನುತ್ತಿದ್ದರು.

ನನ್ನ ಶೀಘ್ರಲಿಪಿ ಕೈಗೆ ಹತ್ತಿದ ಮೇಲೆ ಅವರು ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗತೊಡಗಿದರು. ಪಕ್ಕದಲ್ಲಿ ಕೂತು ಯಾರು ಯಾರಿಗೆ ಚೆಂಡು ಕೊಟ್ಟರು, ಎಷ್ಟನೆಯ ನಿಮಿಷ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಅಪ್ಪ ಮೊದಲು ಒಪ್ಪಲಿಲ್ಲ. ಸಾರ್ ಬಂದು ನಮ್ಮ ಮನೆಯ ಜಗಲಿಯ ಮೇಲೆ ಕೂತು, "ಸಾವಿರ ಗಂಡಸರ ಮಧ್ಯೆ ಕೂರಿಸ್ತೇನೆ, ಹೌದು. ಆದ್ರೆ ಸಾವಿರವೂ ಚೆಂಡು ನೋಡ್ತಿರ್ತದೆ, ಇವಳನ್ನಲ್ಲ" ಎಂದು ಹೇಳಿ ಒಪ್ಪಿಸಿದರು. ಮೈದಾನದಲ್ಲಿ ಅವರು ನನಗೆ ಹೇಳಿಕೊಟ್ಟದ್ದು ಇಷ್ಟೇ: ಚೆಂಡು ಎಲ್ಲಿದೆ, ಯಾರ ಹತ್ತಿರ ಇದೆ, ಇನ್ನೆಷ್ಟು ಹೊತ್ತಿದೆ. "ಇದು ಮೂರೂ ಹೇಳಿ ಆದ್ಮೇಲೆ ಸಮಯ ಉಳಿದ್ರೆ ಆಕಾಶ, ಮೋಡ, ಎಂತ ಬೇಕಾದ್ರೂ ಹೇಳು."

ಹೆಸರುಗಳ ವಿಷಯದಲ್ಲಿ ಅವರಿಗೆ ಹುಚ್ಚು. ಪಂದ್ಯದ ಹಿಂದಿನ ದಿನ ತಂಡಗಳಿರುವಲ್ಲಿಗೆ ಹೋಗಿ ಹನ್ನೊಂದು ಜನರನ್ನೂ ಮಾತಾಡಿಸಿ, ನಡಿಗೆ ನೋಡಿ, ಯಾರಿಗೆ ಬೋಳುತಲೆ, ಯಾರ ಮೊಣಕಾಲಿಗೆ ಪಟ್ಟಿ ಎಂದು ಗುರುತು ಹಾಕಿಕೊಂಡು ಬರುತ್ತಿದ್ದರು.

ಆಮೇಲೆ ಹಕ್ಕಿನ ತಕರಾರು ಶುರುವಾಯಿತು. ಜಾಗದ ಹಕ್ಕು ನಮಗೆ ಗೊತ್ತಿತ್ತು, ಬಾವಿನೀರಿನ ಹಕ್ಕು ಗೊತ್ತಿತ್ತು. ಆಟವನ್ನು ಬಾಯಲ್ಲಿ ಹೇಳುವುದಕ್ಕೂ ಹಕ್ಕು ಇರುತ್ತದೆಂದು ಯಾರಿಗೆ ಗೊತ್ತಿತ್ತು? ಪಂದ್ಯ ನಡೆಸುವ ಸಂಘದವರು ಹೇಳಿದ್ದು ಇದು: ಜನ ಮನೆಯಲ್ಲಿ, ಹೋಟೆಲಿನಲ್ಲಿ ಕೂತು ರೇಡಿಯೋ ಕೇಳಿದರೆ ಟಿಕೇಟು ಕೊಳ್ಳುವವರು ಯಾರು? ರಿಲೇ ಬೇಕಾದರೆ ರೇಡಿಯೋ ನಿಲಯ ದುಡ್ಡು ಕೊಡಲಿ. ನಿಲಯದವರು, ನಾವು ಸರ್ಕಾರ, ನಿಮ್ಮ ಆಟಕ್ಕೆ ಪ್ರಚಾರ ಕೊಡುತ್ತಿದ್ದೇವೆ, ನೀವೇ ನಮಗೆ ಕೃತಜ್ಞರಾಗಿರಬೇಕು ಎಂದರು. ಇಬ್ಬರೂ ಬಗ್ಗಲಿಲ್ಲ. ರಿಲೇ ನಿಂತಿತು.

ಆ ಮೌನದ ವರ್ಷ ಸಾರ್ ಟಿಕೇಟು ಕೊಂಡು ಗ್ಯಾಲರಿಯಲ್ಲಿ ಕೂತರು. ನಾನೂ ಹೋಗಿದ್ದೆ. ಆಟ ಶುರುವಾದ ಹತ್ತು ನಿಮಿಷಕ್ಕೆ ಅವರ ತುಟಿ ತಾನಾಗಿ ಆಡತೊಡಗಿತು. ಹಿಂದಿನ ಸಾಲಿನಲ್ಲಿ ಕಣ್ಣಿಗೆ ಪೊರೆ ಬಂದ ಒಬ್ಬ ಮುದುಕರು, "ಸ್ವಲ್ಪ ಜೋರಾಗಿ ಹೇಳಪ್ಪ" ಎಂದರು. ಹೇಳಿದರು. ಅರ್ಧ ಆಟದ ಹೊತ್ತಿಗೆ ಸುತ್ತ ಐವತ್ತು ಜನ ಸೇರಿ, ಮೈದಾನದ ಕಡೆಗೂ ನೋಡುತ್ತಾ ಇವರ ಬಾಯಿಯ ಕಡೆಗೂ ನೋಡುತ್ತಾ ಕೂತಿದ್ದರು. ಸಂಘದ ಕಾರ್ಯದರ್ಶಿ ಬಂದು ಕಿವಿಯಲ್ಲಿ, "ಸಾರ್, ದಯವಿಟ್ಟು ಬೇಡ. ಹಕ್ಕು ಇನ್ನೂ ಮಾರಿಲ್ಲ" ಎಂದರು. ಸಾರ್ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಕಾರ್ಯದರ್ಶಿಯ ಮುಖ ನೋಡಿ ಸುಮ್ಮನಾದರು. ಹೊರಗೆ ಬಂದಮೇಲೆ ನನಗೆ ಹೇಳಿದರು: "ನನ್ನ ಬಾಯಿಗೆ ಬೇಲಿ ಹಾಕಿದ್ರು ನೋಡು." ನಗುತ್ತಲೇ ಹೇಳಿದರು.

ಮರುವರ್ಷ ಹಕ್ಕು ಮಾರಾಟವಾಯಿತು. ಕೊಂಡದ್ದು ಒಂದು ತಲೆಯೆಣ್ಣೆಯ ಕಂಪನಿ. ನಮ್ಮ ಸರ್ಕಾರಿ ರೇಡಿಯೋದಲ್ಲಿ ಆಗ ಜಾಹೀರಾತು ಇರಲಿಲ್ಲ. ಕಡಲಾಚೆಯ ಒಂದು ನಿಲಯ ಮಾತ್ರ ವ್ಯಾಪಾರಿಗಳ ತಮಿಳು ಕಾರ್ಯಕ್ರಮಗಳನ್ನು ಹಾಕುತ್ತಿತ್ತು. ಪಂದ್ಯದ ವಿವರಣೆಯನ್ನು ಇಲ್ಲಿ ಟೇಪಿನಲ್ಲಿ ಹಿಡಿದು, ಸುರುಳಿಯನ್ನು ವಿಮಾನದಲ್ಲಿ ಕಳಿಸಿ, ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಅಲ್ಲಿಂದ ಪ್ರಸಾರ ಮಾಡಿಸುವುದು ಕಂಪನಿಯ ಯೋಜನೆ. ಮೈದಾನದಲ್ಲಿ ಹಿಡಿದದ್ದು ಉದ್ದವಾಗುತ್ತಿತ್ತು, ಗಾಳಿಗೆ ದನಿ ಒಡೆಯುತ್ತಲೂ ಇತ್ತು. ಆದ್ದರಿಂದ ನನ್ನ ಶೀಘ್ರಲಿಪಿಯಿಂದ ನಾನು ಟೈಪ್ ಮಾಡಿಕೊಡಬೇಕು, ಅದನ್ನು ಅರ್ಧ ಗಂಟೆಗೆ ಇಳಿಸಬೇಕು, ಸಾರ್ ಎಗ್ಮೋರಿನ ಒಂದು ಸ್ಟುಡಿಯೋದಲ್ಲಿ ಕೂತು ಈಗ ತಾನೇ ನೋಡುತ್ತಿರುವಂತೆ ಮತ್ತೆ ಹೇಳಬೇಕು. ಹಿಂದುಗಡೆ ಮೈದಾನದ ಗದ್ದಲ ಸೇರಿಸುತ್ತಿದ್ದರು.

"ಇದು ನಾಟಕ ಅಲ್ವಾ ಸಾರ್?" ಎಂದು ಕೇಳಿದ್ದೆ.

"ನಡೆದದ್ದನ್ನೇ ಹೇಳುವುದಲ್ವಾ? ಎರಡು ಸಲ ಹೇಳಿದ್ರೆ ಸುಳ್ಳಾಗ್ತದಾ?" ಎಂದರು.

ಪ್ರತಿ ಗೋಲಿಗೂ ಎಣ್ಣೆಯ ಹೆಸರು ಹೇಳಬೇಕೆಂದು ಕಂಪನಿಯ ಏಜೆಂಟರು ಕೇಳಿದ್ದರು. ಸಾರ್ ಹಟ ಹಿಡಿದು ಅದನ್ನು ಆಟದ ಹಿಂದೆ, ಮುಂದೆ, ನಡುವೆ ಎಂದು ಮೂರಕ್ಕೆ ಇಳಿಸಿದರು. ಗೆದ್ದೆನೆಂದು ನನ್ನ ಮುಂದೆ ಹೇಳಿಕೊಂಡರು. ಮತ್ತೆ ಮೈಕು ಸಿಕ್ಕಿದ ಖುಷಿ ಅವರ ಮುಖದಲ್ಲಿ ಎಷ್ಟಿತ್ತೆಂದರೆ ಆ ದಿನಗಳಲ್ಲಿ ಟೈಪಿಂಗ್ ತಪ್ಪಿಗೂ ಬೈಯುತ್ತಿರಲಿಲ್ಲ.

ಆ ವರ್ಷದ ಅಂತಿಮ ಪಂದ್ಯಕ್ಕೆ ಕ್ರೋಂಪೇಟೆಯ ಒಂದು ಚರ್ಮದ ಕಾರ್ಖಾನೆಯ ಕೆಲಸಗಾರರ ತಂಡ ಬಂದಿತು. ಎದುರಿಗೆ ಊರಿನ ದೊಡ್ಡ ಕ್ಲಬ್ಬು. ಅವರು ಬೂಟಿನವರು, ಇವರು ಕಾಲಿಗೆ ಬಟ್ಟೆಪಟ್ಟಿ ಸುತ್ತಿಕೊಂಡು ಬರಿಗಾಲಲ್ಲಿ ಆಡುವವರು. ಹಿಂದಿನ ದಿನ ನಾವಿಬ್ಬರೂ ಕ್ರೋಂಪೇಟೆಗೆ ಹೋದೆವು. ಎಡತುದಿಯಲ್ಲಿ ಆಡುವವನ ಹೆಸರು ಏಳುಮಲೈ. ಇಪ್ಪತ್ತೆರಡು ವರ್ಷ ಇರಬಹುದು, ತೆಳ್ಳಗೆ ಉದ್ದಕ್ಕಿದ್ದ. ಹೆಸರು ಬರೆಸಿದ ಮೇಲೂ ಹೋಗದೆ ನಿಂತಿದ್ದ.

"ಏನಪ್ಪ?" ಎಂದರು ಸಾರ್.

"ಅಮ್ಮ ಭಾನುವಾರ ಟೀ ಅಂಗಡಿ ರೇಡಿಯೋ ಹತ್ತಿರ ಕೂತು ಕೇಳ್ತಾರಂತೆ ಸಾರ್. ಅವರು ನಾನು ಆಡೋದು ನೋಡಿಲ್ಲ. ನನ್ನ ಹತ್ತಿರ ಚೆಂಡು ಬಂದರೆ ಸ್ವಲ್ಪ ಗಟ್ಟಿಯಾಗಿ ಹೇಳಿ."

"ನೀನು ಚೆಂಡು ತಗೋ. ಹೇಳುವುದು ನನಗೆ ಬಿಡು" ಎಂದರು ಸಾರ್.

ಪಂದ್ಯದ ಮೊದಲ ಅರ್ಧದಲ್ಲೇ ಏಳುಮಲೈ ಗೋಲು ಹೊಡೆದ. ಮೈದಾನದ ಎಡಗಡೆಯ ಗೆರೆಯ ಉದ್ದಕ್ಕೂ ಓಡಿ, ಇಬ್ಬರನ್ನು ದಾಟಿ, ಮೂರನೆಯವನು ಬರುವಷ್ಟರಲ್ಲಿ ಎಡಗಾಲಿನಿಂದ ನೆಲಮಟ್ಟದಲ್ಲಿ ಬಾರಿಸಿದ. ಗೋಲ್‌ಕೀಪರು ಬಿದ್ದ ಕಡೆಗೆ ಚೆಂಡು ಹೋಗಲಿಲ್ಲ. ಸಾರ್ ಕುರ್ಚಿಯಿಂದ ಎದ್ದು ನಿಂತು ಅವನ ಹೆಸರನ್ನು ಮೂರು ಸಲ ಕೂಗಿದರು. ಎರಡನೆಯ ಅರ್ಧದಲ್ಲಿ, ಮೇಲಿಂದ ಬಂದ ಒಂದು ಚೆಂಡಿಗೆ ಅವನೂ ಎದುರಾಳಿಯೊಬ್ಬನೂ ಒಟ್ಟಿಗೆ ಹಾರಿದರು. ತಲೆಗೆ ತಲೆ ಬಡಿಯಿತು. ಎದುರಾಳಿ ಎದ್ದ. ಇವನು ಏಳಲಿಲ್ಲ. ಸಾರ್ ಮೈಕಿನಲ್ಲಿ "ಬಿದ್ದಿದ್ದಾನೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೂ ಬಿದ್ದೇ ಇದ್ದಾನೆ" ಎಂದರು. ಆಮೇಲೆ ಅವನನ್ನು ಹೊತ್ತುಕೊಂಡು ಹೋಗುವವರೆಗೂ ಅವರ ಬಾಯಿಂದ ಮಾತು ಹೊರಡಲಿಲ್ಲ. ನನ್ನ ಪುಸ್ತಕದಲ್ಲಿ ಅಷ್ಟು ಜಾಗ ಖಾಲಿ. ಪಂದ್ಯ ಒಂದು ಗೋಲಿನಿಂದ ಚರ್ಮದ ಕಾರ್ಖಾನೆಯವರದಾಯಿತು. ಮಾರನೆಯ ದಿನ ಬೆಳಿಗ್ಗೆ ಏಳುಮಲೈ ಆಸ್ಪತ್ರೆಯಲ್ಲಿ ತೀರಿಕೊಂಡ.

ಎರಡು ದಿನ ಬಿಟ್ಟು ಸ್ಟುಡಿಯೋದಲ್ಲಿ ನಡೆದದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಏಜೆಂಟರು ಮೊದಲೇ ಬಂದು ಕೂತಿದ್ದರು, ಜೊತೆಗೆ ಸಂಘದ ಕಾರ್ಯದರ್ಶಿ. ಮಾತೆಲ್ಲ ತಮಿಳಿನಲ್ಲಿ ನಡೆಯಿತು.

"ಸಾರ್, ಇದು ತಲೆಗೆ ಹಚ್ಚುವ ಎಣ್ಣೆ" ಎಂದರು ಏಜೆಂಟರು. ಕೆಟ್ಟವರಲ್ಲ, ಮೆತ್ತಗೆ ಮಾತಾಡುವವರು. "ಭಾನುವಾರ ಬೆಳಿಗ್ಗೆ ಹೆಂಗಸರು ಮಕ್ಕಳು ಕೇಳುವ ಕಾರ್ಯಕ್ರಮ. ಅದರಲ್ಲಿ ಸಾವು ಬೇಡ."

"ಬಿದ್ದದ್ದನ್ನು ಬಿಡೋಣ. ಗೋಲು ಹೊಡೆದದ್ದು ಅವನೇ ಅಲ್ಲವೇ?"

"ಹೆಸರು ಕೇಳಿದರೆ ಸಾವೇ ನೆನಪಾಗುತ್ತದೆ. ಪೇಪರಿನಲ್ಲಿ ಬಂದುಬಿಟ್ಟಿದೆ. ಹೆಸರೇ ಬೇಡ."

"ಹೆಸರಿಲ್ಲದೆ ಗೋಲು ಹೇಗೆ ಹೇಳಲಿ?"

"ತಂಡದ ಗೋಲು ಅನ್ನಿ. ಕಂಪನಿ ಹಕ್ಕು ಕೊಂಡಿದೆ ಸಾರ್. ಏನು ಹೇಳಬೇಕು, ಏನು ಬಿಡಬೇಕು ಅನ್ನುವುದೂ ಅದರಲ್ಲೇ ಸೇರಿದೆ."

ಸಾರ್ ಎದ್ದರು. ಕಾರ್ಯದರ್ಶಿ ಅವರ ತೋಳು ಹಿಡಿದು, "ಇವರು ಬಿಟ್ಟರೆ ಮುಂದಿನ ವರ್ಷ ಕೊಳ್ಳುವವರು ಯಾರೂ ಇಲ್ಲ. ಮತ್ತೆ ಮೌನ. ನೀವೇ ಯೋಚಿಸಿ" ಎಂದರು. ಸಾರ್ ನಿಂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಎಂತ ಮಾಡುವಾ?" ಎಂದರು.

ಬೇಡ ಸಾರ್, ಹೋಗೋಣ ಎಂದು ನಾನು ಹೇಳಬಹುದಿತ್ತು. ಹಾಗೆ ಹೇಳಿದ್ದೆ ಎಂದು ಇಲ್ಲಿ ಬರೆದರೂ ಕೇಳುವವರಿಲ್ಲ. ಆದರೆ ನಾನು ಹೇಳಿದ್ದು, "ನೀವ್ ಹೇಳ್ದಂಗೆ ಸಾರ್." ನನಗೆ ಆಗ ಇಪ್ಪತ್ತು ವರ್ಷ. ಆ ಮೈದಾನ, ಆ ಕುರ್ಚಿ, ನನಗೂ ಬೇಕಿತ್ತು.

ಅವರು ಕೂತರು. ಪೆನ್ಸಿಲ್ ತೆಗೆದು ಹೆಸರು ಹೊಡೆದು ಹಾಕಿದವಳು ನಾನು. ಹತ್ತೊಂಬತ್ತು ಕಡೆ ಇತ್ತು. ಕೆಲವು ಕಡೆ "ಎಡತುದಿಯ ಆಟಗಾರ" ಎಂದು ಬರೆದೆ, ಕೆಲವು ಕಡೆ ವಾಕ್ಯವನ್ನೇ ತೆಗೆದೆ. ಸಾರ್ ಒಂದೇ ಓಟದಲ್ಲಿ ಓದಿ ಮುಗಿಸಿದರು. ಎಲ್ಲೂ ತಡವರಿಸಲಿಲ್ಲ. ದನಿ ಏರಬೇಕಾದಲ್ಲಿ ಏರಿತು. ಏಜೆಂಟರು ಚಪ್ಪಾಳೆ ತಟ್ಟಿದರು. ಬಸ್ ಸ್ಟಾಪಿನಲ್ಲಿ ಸಾರ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು.

ಭಾನುವಾರ ಪ್ರಸಾರವಾಯಿತು. ಬುಧವಾರ ಬೆಳಿಗ್ಗೆ ಚರ್ಮದ ಕಾರ್ಖಾನೆ ತಂಡದ ಕ್ಯಾಪ್ಟನ್ ನಮ್ಮ ಮಹಡಿ ಹತ್ತಿ ಬಂದ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಯಂತ್ರಗಳ ಸದ್ದು ನಿಲ್ಲುವವರೆಗೂ ಕಾದು ಮಾತಾಡಿದ.

"ಏಳುಮಲೈ ಅಮ್ಮ ಕೇಳಿದರು ಸಾರ್. ಬೀದಿಯವರೆಲ್ಲ ಬೇಡ ಅಂದರೂ ಬಂದು ಕೂತರು. ಪೂರ್ತಿ ಕೇಳಿದರು. ಮುಗಿದ ಮೇಲೆ ನನ್ನನ್ನು ಕರೆದು, 'ಆವತ್ತು ಅವನು ಆಡಲೇ ಇಲ್ಲವಾ?' ಅಂತ ಕೇಳಿದರು. ಆಡಿದ, ಗೋಲು ಹೊಡೆದವನು ಅವನೇ ಅಂದೆ. 'ಸಮಾಧಾನಕ್ಕೆ ಹೇಳ್ತೀಯ. ರೇಡಿಯೋ ಸುಳ್ಳು ಹೇಳುತ್ತಾ?' ಅಂದರು. ನಾನೇನು ಹೇಳಲಿ ಸಾರ್?"

ಬೈಯಲು ಬಂದವನಲ್ಲ ಅವನು. ನಿಜವಾಗಿ ಉತ್ತರ ಕೇಳಲು ಬಂದಿದ್ದ. ಸಾರ್ ಮೇಜಿನ ಅಂಚು ಹಿಡಿದು, "ಭಾನುವಾರ ನಾನೇ ಬರುತ್ತೇನೆ ಎಂದು ಹೇಳು" ಎಂದರು.

ಭಾನುವಾರ ಮಧ್ಯಾಹ್ನ ಮಾಂಬಲದಲ್ಲಿ ಎಲೆಕ್ಟ್ರಿಕ್ ರೈಲು ಹತ್ತಿ ಹೋದೆವು. ಸಾರ್ ಮೈದಾನಕ್ಕೆ ಹಾಕುವ ಬಿಳಿ ಶರ್ಟು ಹಾಕಿದ್ದರು. ನನ್ನ ಕೈಯಲ್ಲಿ ಶೀಘ್ರಲಿಪಿಯ ಪುಸ್ತಕ. ಕ್ರೋಂಪೇಟೆ ಬರುವ ಮೊದಲೇ ಹಸಿಚರ್ಮದ ವಾಸನೆ ಬೋಗಿಯೊಳಗೆ ಬಂತು. ಕ್ಯಾಪ್ಟನ್ ಸ್ಟೇಷನ್ನಿನಿಂದ ಕರೆದುಕೊಂಡು ಹೋದ.

ಏಳುಮಲೈಯ ತಾಯಿ ಅದೇ ಕಾರ್ಖಾನೆಯಲ್ಲಿ ಸುಣ್ಣದ ತೊಟ್ಟಿಯ ಹತ್ತಿರ ಕೆಲಸ ಮಾಡುವವರು. ಎರಡೂ ಕೈ ಮೊಣಕೈವರೆಗೆ ಬೆಳ್ಳಗೆ ಬಿರಿದಿತ್ತು. ಚಾಪೆ ಹಾಸಿದರು. ಸಾರ್ ಕೂರಲಿಲ್ಲ. ನಿಂತೇ ಹೇಳಿದರು:

"ರೇಡಿಯೋದಲ್ಲಿ ನಿಮ್ಮ ಮಗನ ಹೆಸರು ಹೇಳದೆ ಬಿಟ್ಟವನು ನಾನು."

ಆಕೆ ಇವರ ಮುಖವನ್ನೇ ನೋಡಿದರು. "ಯಾಕೆ?"

"ಹೇಳಬೇಡ ಅಂದರು. ನಾನು ಒಪ್ಪಿಕೊಂಡೆ."

"ಅವನು ಆಡಿದ್ದು ಹೌದಾ?"

"ಹೌದಮ್ಮ. ಅದನ್ನು ಹೇಳುವುದಕ್ಕೇ ಬಂದೆ."

ಆಕೆ ಗೋಡೆಗೆ ಒರಗಿ ಕೂತರು. "ಹೇಳಿ" ಎಂದರು.

ಸಾರ್ ಚಾಪೆಯ ಮೇಲೆ ಕೂತು ಕೈಗಡಿಯಾರ ಬಿಚ್ಚಿ ಮುಂದೆ ಇಟ್ಟುಕೊಂಡು ಮೊದಲ ಒದೆತದಿಂದ ಶುರು ಮಾಡಿದರು. ಪುಸ್ತಕ ತೆರೆದು ಕೊಟ್ಟೆ. ಅವರು ಅದರ ಕಡೆ ನೋಡಲಿಲ್ಲ. ಕೂಗಾಟವಿಲ್ಲ, ಏರಿಳಿತವಿಲ್ಲ. ಚೆಂಡು ಎಲ್ಲಿದೆ, ಯಾರ ಹತ್ತಿರ ಇದೆ, ಇನ್ನೆಷ್ಟು ಹೊತ್ತಿದೆ. ಏಳುಮಲೈ ಚೆಂಡು ಮುಟ್ಟಿದ್ದನ್ನೆಲ್ಲ ಹೇಳಿದರು. ತಪ್ಪಾಗಿ ಕೊಟ್ಟದ್ದನ್ನೂ ಹೇಳಿದರು, ಒಮ್ಮೆ ಕಾಲು ಜಾರಿ ಬಿದ್ದು ಜನ ನಕ್ಕದ್ದನ್ನೂ ಹೇಳಿದರು. ಗೋಲಿನ ಹತ್ತಿರ ಬಂದಾಗ ಆಕೆ ಮುಂದಕ್ಕೆ ಬಾಗಿದರು.

"ಎಡಗಾಲಲ್ಲಾ?"

"ಎಡಗಾಲಲ್ಲೇ."

"ಚಿಕ್ಕಂದಿನಿಂದ ಅವನಿಗೆ ಎಡಗಾಲೇ" ಎಂದರು ಆಕೆ. ಆಮೇಲೆ ಎದ್ದು ಬಾಗಿಲಿಗೆ ಹೋಗಿ ಪಕ್ಕದ ಮನೆಗಳವರನ್ನು ಹೆಸರು ಹಿಡಿದು ಕೂಗಿದರು. ಹತ್ತು ಹದಿನೈದು ಜನ ಬಂದರು. "ಅದನ್ನ ಮತ್ತೊಂದು ಸಲ ಹೇಳಿ ಸಾರ್. ಇವರು ಕೇಳಲಿ."

ಆಗ ಮಾತ್ರ ಸಾರ್ ಎದ್ದು ನಿಂತರು. ಎಡಗೆರೆಯ ಉದ್ದಕ್ಕೂ ಏಳುಮಲೈ ಓಡಿದ. ಇಬ್ಬರನ್ನು ದಾಟಿದ. ಮೈದಾನದಲ್ಲಿ ಕೂಗಿದಷ್ಟೇ ಗಟ್ಟಿಯಾಗಿ ಹೆಸರನ್ನು ಮೂರು ಸಲ ಕೂಗಿದರು. ಆ ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಹೆಂಗಸು ಜೋರಾಗಿ ಅಳತೊಡಗಿದಾಗ ಏಳುಮಲೈಯ ತಾಯಿಯೇ, "ಸುಮ್ಮನಿರೇ, ಆಟ ಮುಗಿದಿಲ್ಲ" ಎಂದರು.

ಅರ್ಧ ಆಟದ ವಿರಾಮ ಬಂತು. "ಆಗ ಅವನಿಗೆ ಯಾರಾದರೂ ನೀರು ಕೊಟ್ಟರಾ?" ಎಂದು ಆಕೆ ಕೇಳಿದರು.

ಕೊಟ್ಟರು ಎನ್ನಲು ನಾನು ಬಾಯಿ ತೆರೆದೆ. ಸಾರ್ ಕೈಯೆತ್ತಿ ನನ್ನನ್ನು ತಡೆದರು. "ನಾನು ನೋಡಲಿಲ್ಲಮ್ಮ. ಆಗ ನಾನು ಬೇರೆ ಕಡೆ ನೋಡುತ್ತಿದ್ದೆ" ಎಂದರು. ಆಕೆ ತಲೆಯಾಡಿಸಿದರು.

ಬಿದ್ದ ಘಳಿಗೆಯ ಹತ್ತಿರ ಬಂದಾಗ ಸಾರ್ ನಿಲ್ಲಿಸಿ, "ಇಲ್ಲಿಗೆ ಸಾಕಾ ಅಮ್ಮ?" ಎಂದು ಕೇಳಿದರು. "ಬೇಡ. ಎಲ್ಲಾ ಹೇಳಿ. ಯಾರೂ ನನಗೆ ಎಲ್ಲಾ ಹೇಳಿಲ್ಲ" ಎಂದರು ಆಕೆ. ಸಾರ್ ಹೇಳಿದರು. ಚೆಂಡು ಎಲ್ಲಿಂದ ಬಂತು, ಅವನು ಎಷ್ಟು ಎತ್ತರ ಹಾರಿದ, ಯಾರು ಮೊದಲು ಓಡಿ ಬಂದರು, ಯಾರು ತಲೆಯನ್ನು ಮಡಿಲಿಗೆ ಎತ್ತಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ಕ್ಯಾಪ್ಟನ್ ಹೊರಗೆ ಹೋದ. ಎತ್ತಿಕೊಂಡಿದ್ದವನು ಅವನೇ.

ಮುಗಿದ ಮೇಲೆ ಆಕೆ ಎದ್ದು ಒಲೆಯ ಕಡೆ ನೋಡಿದರು. "ಇಷ್ಟು ದೂರ ಬಂದಿರಿ. ಕಾಫಿ ಇಲ್ಲ, ಮಜ್ಜಿಗೆ ಕುಡೀತೀರಾ?" ಎಂದರು. ಕುಡಿದೆವು. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ. ಸಾರ್ ಕೇಳಲೂ ಇಲ್ಲ.

ರೈಲಿನಲ್ಲಿ ಬರುವಾಗ ನಾನು ತಡೆಯಲಾರದೆ, "ಹೆಸರು ಹೊಡೆದಾಕಿದ್ದು ನಾನು ಅಂತ ಹೇಳ್ಬೇಕಿತ್ತು ಸಾರ್" ಎಂದೆ.

"ನಿನ್ನದು ಪೆನ್ಸಿಲ್. ಬಾಯಿ ನನ್ನದು" ಎಂದರು ಅವರು.

ಆ ವರ್ಷದ ಆಟಗಳನ್ನೆಲ್ಲ ಮೆಲುಕು ಹಾಕುವ ಮುಂದಿನ ಕಾರ್ಯಕ್ರಮದ ಕೊನೆಯಲ್ಲಿ ಅವರು ಕಾಗದದಲ್ಲಿ ಇಲ್ಲದ ಒಂದು ವಾಕ್ಯ ಸೇರಿಸಿ ಹೇಳಿದರು: ಅಂತಿಮ ಪಂದ್ಯದ ಗೋಲು ಹೊಡೆದವನ ಹೆಸರು ಏಳುಮಲೈ, ಅವನು ಈಗ ಇಲ್ಲ. ಏಜೆಂಟರು ಟೇಪಿನಿಂದ ಅದನ್ನು ಕತ್ತರಿಸಿದರು. ಸಾರ್ ಜಗಳವಾಡಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ಬಂದರು, ಮತ್ತೆ ಆ ಸ್ಟುಡಿಯೋಗೆ ಹೋಗಲಿಲ್ಲ. ಕಂಪನಿಯೂ ಆ ವರ್ಷದ ನಂತರ ಫುಟ್‌ಬಾಲ್ ಬಿಟ್ಟು ಸಿನಿಮಾ ಹಾಡುಗಳ ಕಾರ್ಯಕ್ರಮ ಹಿಡಿಯಿತು. ಆಮೇಲೆ ಸಂಘದವರು ದರ ಇಳಿಸಿದರು, ಸರ್ಕಾರದ ನಿಲಯದವರು ಸ್ವಲ್ಪ ದುಡ್ಡು ಕೊಡಲು ಒಪ್ಪಿದರು, ರಿಲೇ ಮತ್ತೆ ಶುರುವಾಯಿತು. ನಿಲಯದ ಅಧಿಕಾರಿಯೊಬ್ಬರು ಕಾರು ಮಾಡಿಕೊಂಡು ನಮ್ಮ ಮಹಡಿಗೆ ಬಂದು ಸಾರ್ ಅವರನ್ನು ಕರೆದರು. ಅವರು ಆಗದು ಎಂದರು. ಕಾರಣ ಕೇಳಿದರೆ ಗಂಟಲು ಸರಿಯಿಲ್ಲ ಎಂದರು. ಗಂಟಲು ಸರಿಯಾಗಿಯೇ ಇತ್ತು.

ನನಗೆ ಕೋಪ ಬಂದಿತ್ತು. "ಒಂದ್ ತಪ್ಪಿಗೆ ಎಷ್ಟ್ ವರ್ಷ ಸಾರ್?" ಎಂದು ಜಗಳ ಆಡಿದೆ. "ಮೈಕಿನ ಮುಂದೆ ಕೂತರೆ ಹೆಸರು ಬಾಯಿಗೆ ಬರುವಾಗ ಅಡ್ಡ ಒಂದು ಎಂತದೋ ನಿಲ್ತದೆ. ನಿಂಗೆ ಹೇಳಿದ್ರೆ ಅರ್ಥ ಆಗುದಿಲ್ಲ" ಎಂದರು. ಕಿಟಕಿಯ ಹತ್ತಿರ ನಿಂತು ರಸ್ತೆ ವರ್ಣಿಸುವುದೂ ಆಗಲೇ ನಿಂತುಹೋಗಿತ್ತು. ಹೊಸ ಬ್ಯಾಚಿನ ಹುಡುಗಿಯರಿಗೆ ಅವರು ಹಾಗೆ ಮಾಡುತ್ತಿದ್ದರೆಂಬುದೇ ಗೊತ್ತಿರಲಿಲ್ಲ.

ಅವರನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ, ಮೈಲಾಪುರದ ಲಸ್ ಮೂಲೆಯಲ್ಲಿ. ಒಂದು ಟೀ ಅಂಗಡಿಯ ರೇಡಿಯೋದಲ್ಲಿ ಅಂತಿಮ ಪಂದ್ಯದ ರಿಲೇ ಬರುತ್ತಿತ್ತು. ಹತ್ತಾರು ಜನ ನಿಂತು ಕೇಳುತ್ತಿದ್ದರು. ಅವರಿಂದ ಸ್ವಲ್ಪ ದೂರದಲ್ಲಿ, ಬಿಸಿಲಿನಲ್ಲಿ, ತರಕಾರಿ ಚೀಲ ಹಿಡಿದು ಸಾರ್ ನಿಂತಿದ್ದರು. ನಾನು ಹತ್ತಿರ ಹೋದದ್ದು ಅವರಿಗೆ ಗೊತ್ತಾಗಲಿಲ್ಲ. ರೇಡಿಯೋದಲ್ಲಿ ಯಾರೋ ಹೊಸಬ ಹೇಳುತ್ತಿದ್ದ. ಇವರ ತುಟಿ ಅವನಿಗಿಂತ ಒಂದು ಮಾತು ಮುಂದೆ ಆಡುತ್ತಿತ್ತು. ಅವನು ಎಲ್ಲೋ ಆಟಗಾರನ ಹೆಸರು ಬದಲಾಯಿಸಿ ಹೇಳಿ ತಿದ್ದಿಕೊಂಡಾಗ ಇವರು ಮುಖ ಹಿಂಡಿದರು. ಗೋಲಾಯಿತು. ಜನ ಕೂಗಿದರು. ಇವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಪಂದ್ಯ ಮುಗಿಯುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು. "ಒಳ್ಳೆ ಹೇಳ್ತಾನೆ ಹುಡುಗ" ಎಂದರು. ಆಮೇಲೆ ನನ್ನ ಮಕ್ಕಳ ಬಗ್ಗೆ ಕೇಳಿದರು, ಅವರು ಕನ್ನಡ ಮಾತಾಡುತ್ತಾರಾ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಾರೆ ಎಂದಾಗ ನಕ್ಕರು. ಅವರ ಬಸ್ಸು ದೂರದಲ್ಲಿ ಕಾಣಿಸಿತು. ಇಷ್ಟು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಆಗ ಕೇಳಿಬಿಟ್ಟೆ.

"ಮೈಕು ಬಿಟ್ಟಿದ್ದಕ್ಕೆ ಬೇಜಾರಿದೆಯಾ ಸಾರ್?"

ಇಲ್ಲ ಎನ್ನುತ್ತಾರೆಂದುಕೊಂಡಿದ್ದೆ.

"ದಿನಾ" ಎಂದರು ಅವರು. ಬಸ್ಸು ಬಂತು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕಂಬಿ ಹಿಡಿದು ಹತ್ತಿ, ಒಳಗೆ ಸರಿದು, ಜನರ ನಡುವೆ ನಿಂತರು.